ಆಫೀಸಿನ ಮೇಲ್ ಸರ್ವರಿನಲ್ಲಿ ಎಲ್ಲರಿಗೂ ಕಾಣುವ ಫೋಲ್ಡರ್: ಡವ್‌ಕಾಟ್‌ನಲ್ಲಿ ‘ಪಬ್ಲಿಕ್’ ಮಾಡುವುದೋ ‘ಶೇರ್ಡ್’ ಮಾಡುವುದೋ?

ಬದಿಯಡ್ಕ_ಸಿಸ್ಟಂ:

ಅಡಿಕೆ, ಕಾಳುಮೆಣಸು ಖರೀದಿ ಸಂಸ್ಥೆಯ ಮೇಲ್ ಸರ್ವರ್. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಮುಖ್ಯ ಆಫೀಸು, ಪೆರ್ಲ ಮತ್ತು ಮುಳ್ಳೇರಿಯದಲ್ಲಿ ಶಾಖೆ. ಸರ್ವರಿನಲ್ಲಿರುವುದು ಡೆಬಿಯನ್ 12 (ಲಿನಕ್ಸ್), ಮೇಲ್ ಕಳುಹಿಸಿ ಬರಮಾಡಿಕೊಳ್ಳುವ ಪೋಸ್ಟ್‌ಫಿಕ್ಸ್, ಬಂದ ಮೇಲನ್ನು ಇಟ್ಟು ಓದಲು ಕೊಡುವ ಡವ್‌ಕಾಟ್ 2.3. ಒಟ್ಟು 18 ಲಾಗಿನ್. ಎಲ್ಲವೂ ವರ್ಚುವಲ್ (ಲಿನಕ್ಸ್ ಖಾತೆ ಇಲ್ಲದ, ಮೇಲ್‌ಗೆ ಮಾತ್ರ ಇರುವ ಲಾಗಿನ್), ಡಿಸ್ಕಿನಲ್ಲಿ ಎಲ್ಲದಕ್ಕೂ ಮಾಲೀಕ ‘ವಿಮೇಲ್’ ಒಬ್ಬನೇ. ಹೆಸರು, ಪಾಸ್‌ವರ್ಡು ಇರುವುದು ಒಂದು ಪಾಸ್‌ವರ್ಡ್ ಫೈಲಿನಲ್ಲಿ. ಮೇಲ್ ಮೇಲ್‌ಡಿರ್ ರೂಪದಲ್ಲಿ, ಅಂದರೆ ಒಂದು ಮೇಲ್‌ಗೆ ಒಂದು ಫೈಲ್ ಎಂಬಂತೆ ಉಂಟು.

ಈಗ ನಡೆಯುವುದು ಹೀಗೆ: ಹೊರಗಿನಿಂದ ಬರುವ ಟಪಾಲು ‘ಆಫೀಸ್’ ಎಂಬ ಒಂದು ಲಾಗಿನ್‌ಗೆ ಬರುತ್ತದೆ, ಅದರ ಪಾಸ್‌ವರ್ಡು ಏಳು ಜನರ ಹತ್ತಿರ. ಒಬ್ಬರು ತೆರೆದರೆ ಎಲ್ಲರಿಗೂ ಓದಿದಂತೆ ಕಾಣುತ್ತದೆ, ಆದ್ದರಿಂದ ಯಾರೂ ಉತ್ತರ ಕೊಡುವುದಿಲ್ಲ. ಯಾರೋ ಅಳಿಸಿದರೆ ಯಾರೆಂದು ಗೊತ್ತಾಗುವುದಿಲ್ಲ. ಬೆಳಿಗ್ಗೆ ಹತ್ತರ ಹೊತ್ತಿಗೆ ಕೆಲವು ಕಂಪ್ಯೂಟರಿನಲ್ಲಿ ಲಾಗಿನ್ನೇ ಆಗುವುದಿಲ್ಲ.

ಬೇಕಾದದ್ದು: ಟಪಾಲು, ಖರೀದಿ, ಜಿಎಸ್‌ಟಿ ಎಂಬ ಮೂರು ಫೋಲ್ಡರ್ ಎಲ್ಲರ ಸ್ವಂತ ಲಾಗಿನ್‌ನಲ್ಲೇ ಕಾಣಬೇಕು. ಅಳಿಸುವ ಹಕ್ಕು ಇಬ್ಬರಿಗೆ ಮಾತ್ರ. ಜಿಎಸ್‌ಟಿ ಫೋಲ್ಡರ್ ಲೆಕ್ಕದವರಿಗೆ ಬಿಟ್ಟು ಬೇರೆಯವರಿಗೆ ಕಾಣಬಾರದು. ಫೋಲ್ಡರಿನ ಹೆಸರು ಕನ್ನಡದಲ್ಲಿ, ಕೆಲವು ಮಲಯಾಳದಲ್ಲಿ. ಅರ್ಧ ಜನ ಥಂಡರ್‌ಬರ್ಡ್, ಉಳಿದವರು ಔಟ್‌ಲುಕ್. ‘ಆಫೀಸ್’ ಲಾಗಿನ್‌ನ ಇನ್‌ಬಾಕ್ಸನ್ನೇ ಉಳಿದವರಿಗೆ ಹಂಚಿದರೆ ಸಾಕೋ, ಬೇರೆ ಏನಾದರೂ ಮಾಡಬೇಕೋ?

ಕುಂಬಳೆ_ಪೋರ್ಟ್143:

ಇನ್‌ಬಾಕ್ಸ್ ಹಂಚುವುದು ಬೇಡ ಮಾರಾಯ್ರೆ. ಡವ್‌ಕಾಟ್‌ನಲ್ಲಿ ಎರಡು ದಾರಿ ಉಂಟು. ‘ಶೇರ್ಡ್’ ಎಂದರೆ ಒಬ್ಬ ಬಳಕೆದಾರನ ಫೋಲ್ಡರ್ ಇನ್ನೊಬ್ಬನಿಗೆ ಕಾಣುವುದು. ಅದಕ್ಕೆ ಮಾಲೀಕ ಇರುತ್ತಾನೆ, ಅವನ ಕೋಟಾದಲ್ಲೇ ಜಾಗ ಹೋಗುತ್ತದೆ, ಅವನ ಖಾತೆ ತೆಗೆದರೆ ಫೋಲ್ಡರೂ ಹೋಗುತ್ತದೆ. ಯಾರು ಯಾರಿಗೆ ಹಂಚಿದ್ದಾರೆ ಎಂದು ಪಟ್ಟಿ ಮಾಡಲು ಬೇರೆ ಒಂದು ಡಿಕ್ಷನರಿ ಫೈಲೂ ಬೇಕು, ಅದಿಲ್ಲದಿದ್ದರೆ ಹಕ್ಕು ಕೊಟ್ಟರೂ ಫೋಲ್ಡರ್ ಪಟ್ಟಿಯಲ್ಲಿ ಬರುವುದಿಲ್ಲ. ‘ಪಬ್ಲಿಕ್’ಗೆ ಮಾಲೀಕನೇ ಇಲ್ಲ. ಸಂಸ್ಥೆಯ ಟಪಾಲಿಗೆ ಅದೇ ಸರಿ. ರಜೆಯ ಮೇಲೆ ಹೋದವರ ಇನ್‌ಬಾಕ್ಸ್ ಇನ್ನೊಬ್ಬರು ನೋಡಬೇಕಾದರೆ ಮಾತ್ರ ಶೇರ್ಡ್ ನೋಡಿ.

ಕ್ರಮ ಹೀಗೆ.

ಮೊದಲು ಪ್ಲಗಿನ್. ‘ಎಸಿಎಲ್’ (ಯಾರಿಗೆ ಯಾವ ಹಕ್ಕು ಎಂದು ನೋಡುವ) ಪ್ಲಗಿನ್ನನ್ನು 10-ಮೇಲ್ ಕಾನ್ಫಿಗ್ ಫೈಲಿನ ಮೇಲ್-ಪ್ಲಗಿನ್ಸ್ ಸಾಲಿಗೆ ಸೇರಿಸಿ, 90-ಎಸಿಎಲ್ ಫೈಲಿಗೆ ಅಲ್ಲ. ಡವ್‌ಕಾಟ್ 2.3 ಫೈಲುಗಳನ್ನು ಸಂಖ್ಯೆಯ ಕ್ರಮದಲ್ಲಿ ಓದುತ್ತದೆ. 20-ಐಮ್ಯಾಪ್ (ಐಮ್ಯಾಪ್ ಎಂದರೆ ಮೇಲನ್ನು ಸರ್ವರಿನಲ್ಲೇ ಇಟ್ಟು ಓದುವ ವಿಧಾನ) ಫೈಲಿನಲ್ಲಿ ‘ಹಿಂದಿನ ಪ್ಲಗಿನ್‌ಗಳ ಜೊತೆ ಇದೂ’ ಎಂದು ಬರೆದ ಸಾಲು ಆ ಗಳಿಗೆಯವರೆಗೆ ಓದಿದ್ದನ್ನು ಮಾತ್ರ ಎತ್ತಿಕೊಳ್ಳುತ್ತದೆ. 90ರಲ್ಲಿ ಬರೆದದ್ದು ಐಮ್ಯಾಪ್‌ಗೆ ತಲುಪುವುದೇ ಇಲ್ಲ. ಆಗ ಯಾವ ಎಚ್ಚರಿಕೆಯೂ ಬರದೆ ಪಬ್ಲಿಕ್ ಫೋಲ್ಡರ್ ಎಲ್ಲರಿಗೂ ಪೂರ್ತಿ ತೆರೆದುಕೊಳ್ಳುತ್ತದೆ, ಅಳಿಸುವ ಹಕ್ಕು ಸಮೇತ. ಐಮ್ಯಾಪ್ ಬ್ಲಾಕಿಗೆ ಮಾತ್ರ ‘ಐಮ್ಯಾಪ್-ಎಸಿಎಲ್’ ಕೂಡ ಸೇರಿಸಿ. ಪ್ಲಗಿನ್ ಬ್ಲಾಕಿನಲ್ಲಿ ಎಸಿಎಲ್‌ನ ಬೆಲೆ ‘ವಿಫೈಲ್’.

ಎರಡನೆಯದು ನೇಮ್‌ಸ್ಪೇಸ್, ಅಂದರೆ ಒಂದೇ ಪ್ರಿಫಿಕ್ಸಿನ ಕೆಳಗೆ ಕಾಣುವ ಫೋಲ್ಡರುಗಳ ಕಂತೆ. ಟೈಪ್ ಪಬ್ಲಿಕ್, ಪ್ರಿಫಿಕ್ಸ್ ‘ಪಬ್ಲಿಕ್/’, ಸೆಪರೇಟರ್ (ಫೋಲ್ಡರಿನ ಮಟ್ಟಗಳನ್ನು ಬೇರೆ ಮಾಡುವ ಚಿಹ್ನೆ) ಓರೆಗೆರೆ, ಸಬ್‌ಸ್ಕ್ರಿಪ್ಷನ್ಸ್ ‘ನೋ’. ‘ನೋ’ ಎಂದು ಕೊಟ್ಟರೆ ಚಂದಾ ಪಟ್ಟಿ ಆಯಾ ಬಳಕೆದಾರನ ಸ್ವಂತ ಫೈಲಿನಲ್ಲಿ ಉಳಿಯುತ್ತದೆ. ಇಲ್ಲವಾದರೆ ಎಲ್ಲರಿಗೂ ಒಂದೇ ಪಟ್ಟಿಯಾಗಿ, ಒಬ್ಬರು ಬಿಟ್ಟದ್ದು ಇನ್ನೊಬ್ಬರಿಗೂ ಮಾಯ. ಇಲ್ಲಿ ಒಂದು ಸಿಕ್ಕು ಉಂಟು: ಮೇಲ್‌ಡಿರ್‌ನಲ್ಲಿ ಸ್ವಂತ ಇನ್‌ಬಾಕ್ಸ್ ನೇಮ್‌ಸ್ಪೇಸಿಗೆ ಏನೂ ಬರೆಯದಿದ್ದರೆ ಸೆಪರೇಟರ್ ಚುಕ್ಕಿ. ಪಟ್ಟಿಯಲ್ಲಿ ಕಾಣುವ ಎಲ್ಲ ನೇಮ್‌ಸ್ಪೇಸುಗಳಿಗೂ ಸೆಪರೇಟರ್ ಒಂದೇ ಇರಬೇಕು, ಇಲ್ಲದಿದ್ದರೆ ಲಾಗಿನ್ ಹೊತ್ತಿಗೆ ನೇಮ್‌ಸ್ಪೇಸ್ ದೋಷ ಎಂದು ಎಲ್ಲರ ಮೇಲ್ ನಿಲ್ಲುತ್ತದೆ. ಆದ್ದರಿಂದ ಇನ್‌ಬಾಕ್ಸಿಗೂ ಓರೆಗೆರೆ ಕೊಡಿ. ಹಳೆಯ ಸೀವ್ ಸ್ಕ್ರಿಪ್ಟುಗಳಲ್ಲಿ (ಬಂದ ಮೇಲನ್ನು ಫೋಲ್ಡರಿಗೆ ಹಾಕುವ ನಿಯಮಗಳು) ಚುಕ್ಕಿ ಹಾಕಿ ಬರೆದ ಫೋಲ್ಡರ್ ಹೆಸರುಗಳಿದ್ದರೆ ಅವನ್ನೂ ಬದಲಿಸಬೇಕು. ಈ ಕೆಲಸ ಆಫೀಸು ಮುಚ್ಚಿದ ಮೇಲೆ ಮಾಡಿ.

ಲೊಕೇಶನ್ ಸಾಲಿನಲ್ಲಿ ಎರಡು ಭಾಗ. ಮೊದಲನೆಯದು ಮೇಲ್ ಇರುವ ಜಾಗ, ‘/ವಾರ್/ವಿಮೇಲ್/ಪಬ್ಲಿಕ್’ ಎಂದಿಟ್ಟುಕೊಳ್ಳಿ. ಎರಡನೆಯದು ‘ಇಂಡೆಕ್ಸ್‌ಪಿವಿಟಿ’, ಅದನ್ನು ಬಳಕೆದಾರನ ಹೋಮ್ ಡೈರೆಕ್ಟರಿಯ ಒಳಗಿನ ಒಂದು ಜಾಗಕ್ಕೆ ತೋರಿಸಿ. ಓದಿದ ಗುರುತು ಒಬ್ಬೊಬ್ಬರಿಗೆ ಬೇರೆ ಬೇರೆಯಾಗುವುದು ಇದರಿಂದಲೇ. ಅದಕ್ಕೆ ಪ್ರತಿ ಲಾಗಿನ್‌ಗೂ ಹೋಮ್ ಇರಲೇಬೇಕು. ವರ್ಚುವಲ್ ಬಳಕೆದಾರರಿಗೆ ಮೇಲ್ ಜಾಗ ಮಾತ್ರ ಕೊಟ್ಟು ಹೋಮ್ ಕೊಡದೆ ಬಿಟ್ಟ ಸರ್ವರುಗಳು ಬೇಕಾದಷ್ಟಿವೆ.

ಮೂರನೆಯದು ಫೋಲ್ಡರ್. ಪಬ್ಲಿಕ್‌ಗೆ ಮಾಲೀಕ ಇಲ್ಲದ್ದರಿಂದ ಹಕ್ಕಿನ ಫೈಲ್ ಇಲ್ಲದ ಫೋಲ್ಡರ್ ಯಾರಿಗೂ ಕಾಣುವುದಿಲ್ಲ, ಮೇಲ್ ಪ್ರೋಗ್ರಾಮಿನಿಂದ ಮೊದಲ ಫೋಲ್ಡರ್ ಮಾಡಲಿಕ್ಕೂ ಆಗುವುದಿಲ್ಲ. ಮೊದಲನೆಯದನ್ನು ಕೈಯಿಂದ ಮಾಡಿ: ಚುಕ್ಕಿಯಿಂದ ಶುರುವಾಗುವ ಡೈರೆಕ್ಟರಿ, ಅದರೊಳಗೆ ‘ಕರ್’, ‘ನ್ಯೂ’, ‘ಟಿಎಂಪಿ’, ಎಲ್ಲಕ್ಕೂ ಮಾಲೀಕ ವಿಮೇಲ್, ಅನುಮತಿ 0700. ರೂಟ್ ಆಗಿ ಮಾಡಿ ಮಾಲೀಕನನ್ನು ಬದಲಿಸಲು ಮರೆತರೆ ಲಾಗ್‌ನಲ್ಲಿ ‘ಪರ್ಮಿಷನ್ ಡಿನೈಡ್’ ಬರುತ್ತದೆ, ಅದನ್ನು ಎಸಿಎಲ್ ತಪ್ಪು ಎಂದು ಹುಡುಕುತ್ತಾ ಕೂರಬೇಡಿ.

ಅದೇ ಡೈರೆಕ್ಟರಿಯೊಳಗೆ ‘ಡವ್‌ಕಾಟ್-ಎಸಿಎಲ್’ ಎಂಬ ಫೈಲ್. ಒಂದು ಸಾಲಿಗೆ ಒಬ್ಬರು ಅಥವಾ ಒಂದು ಗುಂಪು, ನಂತರ ಹಕ್ಕಿನ ಅಕ್ಷರಗಳು. ಅಕ್ಷರಗಳ ಅರ್ಥ 2005ರ ಆರ್‌ಎಫ್‌ಸಿ 4314 ಎಂಬ ಇಂಟರ್‌ನೆಟ್ ಮಾನಕದಲ್ಲಿ ಉಂಟು. ಎಲ್ ಎಂದರೆ ಪಟ್ಟಿಯಲ್ಲಿ ಕಾಣುವುದು, ಆರ್ ಓದುವುದು, ಎಸ್ ಓದಿದ ಗುರುತು, ಡಬ್ಲ್ಯು ನಕ್ಷತ್ರ ಮತ್ತು ಟ್ಯಾಗು, ಟಿ ಅಳಿಸುವ ಗುರುತು, ಇ ನಿಜವಾಗಿ ತೆಗೆದುಹಾಕುವುದು, ಐ ಬೇರೆ ಫೋಲ್ಡರಿನಿಂದ ತಂದು ಹಾಕುವುದು, ಪಿ ಹೊಸ ಮೇಲ್ ವಿತರಣೆ, ಕೆ ಒಳಗೆ ಹೊಸ ಫೋಲ್ಡರ್, ಎಕ್ಸ್ ಫೋಲ್ಡರನ್ನೇ ಅಳಿಸುವುದು, ಎ ಹಕ್ಕು ಬದಲಿಸುವುದು.

ಟಪಾಲಿಗೆ ಎಲ್ಲರಿಗೂ ಎಲ್, ಆರ್, ಎಸ್, ಡಬ್ಲ್ಯು, ಐ ಸಾಕು. ಇಬ್ಬರಿಗೆ ಇದರ ಜೊತೆ ಟಿ ಮತ್ತು ಇ ಎರಡೂ. ಒಂದನ್ನೇ ಕೊಡಬೇಡಿ: ಟಿ ಇದ್ದು ಇ ಇಲ್ಲದಿದ್ದರೆ ಅಳಿಸಿದ ಗುರುತು ಬೀಳುತ್ತದೆ, ಮೇಲ್ ಅಲ್ಲೇ ಉಳಿಯುತ್ತದೆ. ಎರಡೂ ಇಲ್ಲದವರು ಡಿಲೀಟ್ ಒತ್ತಿದರೆ ಪ್ರೋಗ್ರಾಂ ಮೊದಲು ಅವರ ಸ್ವಂತ ಕಸದ ಫೋಲ್ಡರಿಗೆ ಒಂದು ಪ್ರತಿ ಮಾಡಿ, ಆಮೇಲೆ ಮೂಲವನ್ನು ಅಳಿಸಲು ಹೋಗಿ ಸೋಲುತ್ತದೆ. ‘ಅಳಿಸಿದ್ದು ವಾಪಸು ಬಂತು’ ಎಂಬ ದೂರು ಬಂದರೆ ಹಕ್ಕು ಸರಿಯಾಗಿ ಕೆಲಸ ಮಾಡುತ್ತಿದೆ ಎಂದೇ ಅರ್ಥ.

ಹಕ್ಕು ಕೊಡುವಾಗ ಹೆಸರಿಗಿಂತ ಗುಂಪಿಗೆ ಕೊಡಿ. ಪಾಸ್‌ವರ್ಡ್ ಫೈಲಿನ ಕೊನೆಯ ಅಂಕಣದಲ್ಲಿ ಪ್ರತಿಯೊಬ್ಬರಿಗೂ ‘ಯೂಸರ್‌ಡಿಬಿ_ಎಸಿಎಲ್_ಗ್ರೂಪ್ಸ್’ ಎಂದು ಗುಂಪಿನ ಹೆಸರು ಬರೆಯಬಹುದು. ಒಂದೇ ಫೈಲ್ ಪಾಸ್‌ಡಿಬಿಗೂ (ಪಾಸ್‌ವರ್ಡ್ ನೋಡಲು) ಯೂಸರ್‌ಡಿಬಿಗೂ (ಬಳಕೆದಾರನ ವಿವರಕ್ಕೆ) ಬಳಕೆಯಾಗುವಾಗ ಆ ‘ಯೂಸರ್‌ಡಿಬಿ_’ ಮುಂಭಾಗ ಬೇಕೇ ಬೇಕು. ಮುಳ್ಳೇರಿಯದವರು ಪೆರ್ಲಕ್ಕೆ ವರ್ಗವಾದರೆ ಒಂದು ಪದ ಬದಲಿಸಿದರೆ ಮುಗಿಯಿತು. ಗುಂಪಿನ ಬದಲಾವಣೆ ಆ ವ್ಯಕ್ತಿ ಮುಂದಿನ ಸಲ ಲಾಗಿನ್ ಆದಾಗ ಮಾತ್ರ ಹಿಡಿಯುತ್ತದೆ, ಥಂಡರ್‌ಬರ್ಡ್ ಮುಚ್ಚಿ ತೆರೆಯಲು ಹೇಳಿ.

ಇನ್ನು ಬೆಳಿಗ್ಗೆ ಹತ್ತರ ಲಾಗಿನ್ ಗೋಳು. ಡವ್‌ಕಾಟ್ ಒಂದೇ ಹೆಸರು, ಒಂದೇ ಐಪಿಯಿಂದ 10 ಐಮ್ಯಾಪ್ ಸಂಪರ್ಕಕ್ಕೆ ಮಿತಿ ಹಾಕಿರುತ್ತದೆ. ಥಂಡರ್‌ಬರ್ಡ್ ಒಂದೊಂದೂ ಐದು ಸಂಪರ್ಕದವರೆಗೆ ಹಿಡಿದಿಟ್ಟುಕೊಳ್ಳುತ್ತದೆ. ಆಫೀಸಿನ ಎಲ್ಲ ಕಂಪ್ಯೂಟರೂ ಒಂದೇ ರೂಟರಿನ ಹಿಂದೆ, ಒಂದೇ ‘ಆಫೀಸ್’ ಲಾಗಿನ್. ಎರಡು ಕಂಪ್ಯೂಟರಿಗೇ ಲೆಕ್ಕ ಮುಗಿಯಿತು. ಮಿತಿ ಏರಿಸಬೇಡಿ, ಸ್ವಂತ ಲಾಗಿನ್‌ಗೆ ಹೋದರೆ ತಾನಾಗಿ ಸರಿಯಾಗುತ್ತದೆ.

ಅಕ್ಕಲಕೋಟ_ಬೈಟ್:

ಸರ್ವರ್ ಕಡೆ ಕುಂಬಳೆಯವರು ಹೇಳ್ಯಾರ, ನಾ ಮಂದಿ ಕೂತ ಕಡೆ ಏನಾಗತದ ಅದನ್ನ ಹೇಳ್ತೀನ್ರಿ. ಸರ್ವರಿನ್ಯಾಗ ಎಲ್ಲಾ ಸರಿ ಇದ್ದರೂ ‘ನನಗ ಫೋಲ್ಡರ್ ಕಾಣಂಗಿಲ್ಲ’ ಅಂತ ಫೋನ್ ಬರೋದು ಇಲ್ಲಿಂದನ.

ಥಂಡರ್‌ಬರ್ಡ್: ಖಾತೆ ಮ್ಯಾಲೆ ಬಲ ಕ್ಲಿಕ್, ‘ಸಬ್‌ಸ್ಕ್ರೈಬ್’, ಪಟ್ಟಿಯೊಳಗ ಪಬ್ಲಿಕ್ ಬಿಚ್ಚಿ ಟಿಕ್ ಹಾಕ್ರಿ. ಹದಿನೆಂಟು ಮಂದಿ ಕಡೆ ಹೋಗಿ ಮಾಡೂದು ಬ್ಯಾಡಂದ್ರ ಸರ್ವರಿನಿಂದನ ‘ಡವ್‌ಅಡ್ಮ್ ಮೇಲ್‌ಬಾಕ್ಸ್ ಸಬ್‌ಸ್ಕ್ರೈಬ್’ ಆಜ್ಞೆ ಒಬ್ಬೊಬ್ಬರ ಹೆಸರಿಗೆ ಲೂಪ್ ಹಾಕಿ ಓಡಸ್ರಿ. ಆಮ್ಯಾಲೆ ಮುಖ್ಯದ್ದು: ಥಂಡರ್‌ಬರ್ಡ್ ತಾನಾಗಿ ಹೊಸ ಮೇಲ್ ನೋಡೂದು ಇನ್‌ಬಾಕ್ಸ್ ಒಂದರಾಗ. ಟಪಾಲು ಫೋಲ್ಡರಿನ ಪ್ರಾಪರ್ಟೀಸ್‌ಗೆ ಹೋಗಿ, ಈ ಖಾತೆಯ ಹೊಸ ಮೇಲ್ ತರುವಾಗ ಈ ಫೋಲ್ಡರನ್ನೂ ಯಾವಾಗಲೂ ನೋಡು ಅನ್ನೋ ಟಿಕ್ ಹಾಕ್ರಿ. ಇಲ್ಲಾಂದ್ರ ಯಾರರ ಫೋಲ್ಡರ್ ಮ್ಯಾಲೆ ಕ್ಲಿಕ್ ಮಾಡೋತನಕ ಹೊಸ ಟಪಾಲು ಬಂದದ್ದ ಗೊತ್ತಾಗಂಗಿಲ್ಲ. ಅದ ಪ್ರಾಪರ್ಟೀಸ್‌ನ ಶೇರಿಂಗ್ ಟ್ಯಾಬ್‌ನ್ಯಾಗ ಆ ಮನುಷ್ಯಾಗ ಏನೇನು ಹಕ್ಕು ಐತಿ ಅಂತ ತೋರಸ್ತದ, ಫೋನಿನ್ಯಾಗ ಕೇಳಾಕ ಭಾಳ ಅನುಕೂಲ.

ಔಟ್‌ಲುಕ್: ಖಾತೆ ಮ್ಯಾಲೆ ಬಲ ಕ್ಲಿಕ್, ‘ಐಮ್ಯಾಪ್ ಫೋಲ್ಡರ್ಸ್’, ‘ಕ್ವೆರಿ’, ಬೇಕಾದ್ದು ಆರಿಸಿ ಸಬ್‌ಸ್ಕ್ರೈಬ್. ಖಾತೆ ಸೆಟ್ಟಿಂಗ್‌ನ್ಯಾಗ ರೂಟ್ ಫೋಲ್ಡರ್ ಪಾತ್ ಅನ್ನೋ ಜಾಗ ಖಾಲಿ ಇರಬೇಕ್ರಿ. ಅಲ್ಲಿ ‘ಇನ್‌ಬಾಕ್ಸ್’ ಅಂತ ಬರದಿದ್ದರ ಪಬ್ಲಿಕ್ ಎಂದೂ ಬರಂಗಿಲ್ಲ. ಔಟ್‌ಲುಕ್‌ಗೆ ಐಮ್ಯಾಪ್ ಹಕ್ಕಿನ ಗೊಡವಿ ಇಲ್ಲ. ಹಕ್ಕು ಇಲ್ಲದ ಕೆಲಸ ಮಾಡಾಕ ಬಿಡ್ತದ, ಸರ್ವರ್ ಬ್ಯಾಡ ಅಂದ ಮ್ಯಾಲೆ ಸಿಂಕ್ ದೋಷ ಅಂತ ಎಲ್ಲೋ ಮೂಲ್ಯಾಗ ತೋರಸ್ತದ.

ಇನ್ನ ಯಾರು ಉತ್ತರ ಕೊಡ್ತಾರ ಅನ್ನೋ ಗುರುತು. ಓದಿದ ಗುರುತು ಬ್ಯಾರೆ ಬ್ಯಾರೆ ಆದ ಮ್ಯಾಲೆ ‘ಇದನ್ನ ಯಾರೋ ನೋಡ್ಯಾರ’ ಅನ್ನೋ ಸುಳಿವೂ ಹೋಗತದ. ಅದಕ್ಕ ನಕ್ಷತ್ರ ಬಳಸ್ರಿ. ಇಂಡೆಕ್ಸ್‌ಪಿವಿಟಿ ಬ್ಯಾರೆ ಮಾಡೂದು ಓದಿದ ಗುರುತನ್ನ ಮಾತ್ರ. ನಕ್ಷತ್ರ, ಉತ್ತರ ಕೊಟ್ಟ ಬಾಣ, ಟ್ಯಾಗು ಎಲ್ಲಾರಿಗೂ ಒಂದ. ನಕ್ಷತ್ರ ಬಿತ್ತು ಅಂದ್ರ ಕೈಗೆತ್ತಿಕೊಂಡಾರ, ಬಾಣ ಬಂತು ಅಂದ್ರ ಉತ್ತರ ಹೋಗೇದ. ಬಣ್ಣದ ಟ್ಯಾಗು ಛಂದ ಕಾಣತಾವ, ಆದ್ರ ಔಟ್‌ಲುಕ್‌ನವರಿಗೆ ಅವು ಕಾಣಂಗಿಲ್ಲ. ಥಂಡರ್‌ಬರ್ಡ್‌ನ್ಯಾಗೂ ಸರ್ವರಿಗೆ ಹೋಗೂದು ಒಳಗಿನ ಗುರುತಷ್ಟ, ಹೆಸರು ಅಲ್ಲ. ಒಂದನೇ ಟ್ಯಾಗಿಗೆ ನೀವು ‘ತುರ್ತು’ ಅಂತ ಹೆಸರಿಟ್ಟರ ಪಕ್ಕದ ಕಂಪ್ಯೂಟರಿನ್ಯಾಗ ಅದು ಮೊದಲಿನ ಇಂಗ್ಲಿಷ್ ಹೆಸರಿನ್ಯಾಗ ಇರತದ.

ಕಳಿಸಿದ ಪ್ರತಿ: ಥಂಡರ್‌ಬರ್ಡ್ ಖಾತೆಯ ‘ಕಾಪೀಸ್ ಆ್ಯಂಡ್ ಫೋಲ್ಡರ್ಸ್’ ಒಳಗ, ಉತ್ತರವನ್ನ ಮೂಲ ಮೇಲ್ ಇದ್ದ ಫೋಲ್ಡರಿನ್ಯಾಗನ ಇಡು ಅನ್ನೋ ಆಯ್ಕೆ ಐತಿ. ಹಾಕಿಬಿಟ್ಟರ ಪತ್ರ, ಉತ್ತರ ಎರಡೂ ಒಂದ ಕಡೆ. ಮ್ಯಾಲೆ ಹೇಳಿದ ಐ ಹಕ್ಕು ಬೇಕಾಗೂದು ಇದಕ್ಕ.

ಮತ್ತ ಯಾರರ ಹಳೇ ‘ಆಫೀಸ್’ ಖಾತೆಯನ್ನ ಪಾಪ್3ರಾಗ (ಮೇಲ್ ಕಂಪ್ಯೂಟರಿಗೆ ಇಳಿಸಿಕೊಳ್ಳೋ ವಿಧಾನ) ಇಟ್ಟುಕೊಂಡಾರೇನು ಹುಡುಕ್ರಿ. ಸರ್ವರಿನ್ಯಾಗ ಪ್ರತಿ ಬಿಡು ಅನ್ನೋ ಟಿಕ್ ಇಲ್ಲದ ಒಂದ ಕಂಪ್ಯೂಟರ್ ಸಾಕು, ಎಲ್ಲಾ ಟಪಾಲು ಎಳಕೊಂಡು ಹೋಗಾಕ.

ಮುಳ್ಳೇರಿಯ_ರಬ್ಬರ್:

ಇಷ್ಟೆಲ್ಲ ಯಾಕೆ? ಮೈಕ್ರೋಸಾಫ್ಟ್ 365ರಲ್ಲಿ ಶೇರ್ಡ್ ಮೇಲ್‌ಬಾಕ್ಸ್ ಅಂತ ಉಂಟಲ್ಲ, 50 ಜಿಬಿವರೆಗೆ ಅದಕ್ಕೆ ಬೇರೆ ಲೈಸೆನ್ಸೂ ಬೇಡ.

ಕುಂಬಳೆ_ಪೋರ್ಟ್143:

ಶೇರ್ಡ್ ಮೇಲ್‌ಬಾಕ್ಸಿಗೆ ಲೈಸೆನ್ಸ್ ಬೇಡ ಎಂಬುದು ಸರಿ, ಅದನ್ನು ತೆರೆಯುವ ಪ್ರತಿಯೊಬ್ಬರಿಗೂ ಬೇಕು. 18 ಜನರಿಗೆ ತಿಂಗಳು ತಿಂಗಳು. ಇದ್ದ ಸರ್ವರಿನಲ್ಲೇ ಆಗುವ ಕೆಲಸ. ಅಲ್ಲದೆ ಕೇರಳದ ಶಾಲೆಗಳಲ್ಲಿ ಉಬುಂಟು ನೋಡಿ ಬೆಳೆದ ಹುಡುಗರು ಆಫೀಸಿನಲ್ಲಿದ್ದರೆ ಲಿನಕ್ಸ್ ಎಂದು ಹೆದರುವವರೂ ಇಲ್ಲ.

ಬದಿಯಡ್ಕ_ಸಿಸ್ಟಂ:

ಹೇಳಿದ ಹಾಗೆ ಮಾಡಿ ಆಯಿತು. ಲಾಗಿನ್ ತೊಂದರೆ ಹೋಯಿತು. ಈಗ ಮೂರು ವಿಷಯ.

ಒಂದು, ಟಪಾಲು ಕಾಣುತ್ತದೆ, ನಂತರ ಕೈಯಿಂದ ಮಾಡಿದ ಖರೀದಿ ಫೋಲ್ಡರ್ ಯಾರಿಗೂ ಕಾಣುವುದಿಲ್ಲ. ಹಕ್ಕಿನ ಫೈಲ್ ಟಪಾಲಿನದ್ದರ ನಕಲು.

ಎರಡು, ‘ಆಫೀಸ್’ ವಿಳಾಸಕ್ಕೆ ಬಂದದ್ದನ್ನು ಪಬ್ಲಿಕ್/ಟಪಾಲು ಫೋಲ್ಡರಿಗೆ ಹಾಕು ಎಂದು ಸೀವ್ ಬರೆದಿದೆ. ‘ಆಫೀಸ್’ ಲಾಗಿನ್‌ಗೆ ಐ ಹಕ್ಕು ಕೊಟ್ಟರೂ ಮೇಲ್ ಅದರ ಇನ್‌ಬಾಕ್ಸಿನಲ್ಲೇ ಬೀಳುತ್ತದೆ.

ಮೂರು, ಖರೀದಿ ವಿಭಾಗದ ಒಬ್ಬರಿಗೆ ಕೆ ಹಕ್ಕು ಕೊಡಲು ಅವರ ಹೆಸರಿನಲ್ಲಿ ಕೆ ಎಂದು ಒಂದೇ ಅಕ್ಷರದ ಸಾಲು ಸೇರಿಸಿದ ಕೂಡಲೇ ಅವರಿಗೆ ಟಪಾಲೇ ಮಾಯವಾಯಿತು!

ಮಂಜೇಶ್ವರ_ಲಾಗ್:

ಮೂರನೆಯದರಿಂದ ಶುರು ಮಾಡುವ. ಡವ್‌ಕಾಟ್‌ನಲ್ಲಿ ಹಕ್ಕುಗಳು ಒಂದರ ಮೇಲೊಂದು ಸೇರುವುದಿಲ್ಲ. ‘ಎನಿವನ್’, ‘ಅಥೆಂಟಿಕೇಟೆಡ್’, ಗುಂಪು, ಮಾಲೀಕ, ಹೆಸರು ಎಂಬ ಕ್ರಮದಲ್ಲಿ ಮುಂದಿನದು ಹಿಂದಿನದನ್ನು ಅಳಿಸಿ ಕೂರುತ್ತದೆ. ಹೆಸರಿನ ಸಾಲಿನಲ್ಲಿ ಕೆ ಮಾತ್ರ ಬರೆದರೆ ಅವರಿಗೆ ಇರುವುದು ಕೆ ಮಾತ್ರ. ಗುಂಪಿನಿಂದ ಬಂದ ಎಲ್, ಆರ್ ಎಲ್ಲ ಹೋಯಿತು. ಹೆಸರಿನ ಸಾಲು ಬರೆಯುವುದಾದರೆ ಪೂರ್ತಿ ಅಕ್ಷರಗಳನ್ನು ಬರೆಯಿರಿ, ಅಥವಾ ಆ ವ್ಯಕ್ತಿಗೆ ಬೇರೆ ಗುಂಪು ಮಾಡಿ. ಎಲ್ಲಕ್ಕಿಂತ ಮೇಲೆ ‘ಗ್ರೂಪ್-ಓವರ್‌ರೈಡ್’ ಎಂಬುದೊಂದು ಉಂಟು, ಯಾರದಾದರೂ ಪ್ರವೇಶವನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾದಾಗ ಅದು ಉಪಯೋಗಕ್ಕೆ ಬರುತ್ತದೆ.

ಒಂದನೆಯದು: ಪಬ್ಲಿಕ್ ಡೈರೆಕ್ಟರಿಯ ಮೇಲ್ತುದಿಯಲ್ಲಿ ‘ಡವ್‌ಕಾಟ್-ಎಸಿಎಲ್-ಲಿಸ್ಟ್’ ಎಂಬ ಫೈಲ್ ನೋಡಿ. ಎಲ್ ಹಕ್ಕು ಇರುವ ಫೋಲ್ಡರುಗಳ ಪಟ್ಟಿ ಅದು, ಡವ್‌ಕಾಟ್ ತಾನೇ ಬರೆದಿಟ್ಟದ್ದು. ಹಕ್ಕಿನ ಫೈಲನ್ನು ಕೈಯಿಂದ ನಕಲು ಮಾಡಿದರೆ ಈ ಪಟ್ಟಿಗೆ ಸುದ್ದಿ ಹೋಗುವುದಿಲ್ಲ. ಆ ಒಂದು ಫೈಲನ್ನು ಅಳಿಸಿ, ಅದು ಹೊಸದಾಗಿ ಹುಟ್ಟುತ್ತದೆ. ಮುಂದಕ್ಕೆ ಹಕ್ಕು ಬದಲಿಸುವಾಗ ಎಡಿಟರ್ ಬಿಟ್ಟು ‘ಡವ್‌ಅಡ್ಮ್ ಎಸಿಎಲ್ ಸೆಟ್’ ಬಳಸಿ. ಅಲ್ಲಿ ಅಕ್ಷರಗಳ ಬದಲು ಲುಕಪ್, ರೀಡ್, ರೈಟ್-ಸೀನ್ ಹೀಗೆ ಪೂರ್ತಿ ಪದ ಬರೆಯಬೇಕು. ಬರೆಯುವುದು ಉದ್ದವಾದರೂ ಆರು ತಿಂಗಳ ನಂತರ ಓದಿದರೆ ಅರ್ಥವಾಗುತ್ತದೆ.

ಎರಡನೆಯದು: ಐ ಎಂದರೆ ಮೇಲ್ ಪ್ರೋಗ್ರಾಮಿನಿಂದ ತಂದು ಹಾಕುವುದು. ಸೀವ್ ಹಾಕುವುದು ವಿತರಣೆ, ಅದಕ್ಕೆ ಬೇಕಾದದ್ದು ಪಿ. ‘ಆಫೀಸ್’ ಲಾಗಿನ್‌ಗೆ ಎಲ್ ಮತ್ತು ಪಿ ಕೊಡಿ. ಸೀವ್‌ನ ಆಜ್ಞೆ ಸೋತರೆ ಮೇಲ್ ಕಳೆದುಹೋಗಬಾರದೆಂದು ಅದನ್ನು ಇನ್‌ಬಾಕ್ಸಿನಲ್ಲಿ ಬಿಡುತ್ತದೆ, ನಿಮಗೆ ಆದದ್ದು ಅದೇ. ಲಾಗ್‌ನಲ್ಲಿ ಕಾರಣವೂ ಇರುತ್ತದೆ. ಲಾಗ್‌ನಲ್ಲಿ ಸೀವ್ ಎಂಬ ಪದವೇ ಇಲ್ಲದಿದ್ದರೆ ಬೇರೆ ವಿಷಯ: ಪೋಸ್ಟ್‌ಫಿಕ್ಸ್ ತನ್ನದೇ ವರ್ಚುವಲ್ ಡೆಲಿವರಿಯಿಂದ ನೇರ ಡಿಸ್ಕಿಗೆ ಬರೆಯುತ್ತಿದೆ. ವರ್ಚುವಲ್ ಟ್ರಾನ್ಸ್‌ಪೋರ್ಟನ್ನು ಡವ್‌ಕಾಟ್‌ನ ಎಲ್‌ಎಂಟಿಪಿ (ಬಂದ ಮೇಲನ್ನು ಡವ್‌ಕಾಟ್‌ಗೆ ಒಪ್ಪಿಸುವ ವಿಧಾನ) ಸಾಕೆಟಿಗೆ ತಿರುಗಿಸಿ, ಎಲ್‌ಎಂಟಿಪಿ ಬ್ಲಾಕಿನ ಪ್ಲಗಿನ್ ಸಾಲಿನಲ್ಲಿ ಹಿಂದಿನ ಪ್ಲಗಿನ್‌ಗಳ ಜೊತೆ ‘ಸೀವ್’ ಸೇರಿಸಿ.

ಇನ್‌ಬಾಕ್ಸಿನಲ್ಲಿ ಈಗಾಗಲೇ ಬಿದ್ದದ್ದನ್ನು ‘ಡವ್‌ಅಡ್ಮ್ ಮೂವ್’ನಿಂದ ಸಾಗಿಸಿ. ಡಿಸ್ಕಿನಲ್ಲಿ ಫೈಲನ್ನೇ ಒಂದು ‘ಕರ್’ನಿಂದ ಇನ್ನೊಂದಕ್ಕೆ ತಳ್ಳಬೇಡಿ. ಮೇಲ್‌ಡಿರ್ ಫೈಲಿನ ಹೆಸರಿನ ಕೊನೆಯಲ್ಲಿರುವ ಸಣ್ಣ ಇಂಗ್ಲಿಷ್ ಅಕ್ಷರಗಳು ಟ್ಯಾಗುಗಳು, ಯಾವ ಅಕ್ಷರ ಯಾವ ಟ್ಯಾಗು ಎಂಬುದು ಆಯಾ ಫೋಲ್ಡರಿನ ‘ಡವ್‌ಕಾಟ್-ಕೀವರ್ಡ್ಸ್’ ಫೈಲಿನಲ್ಲಿ ಬೇರೆ ಬೇರೆ ಇರುತ್ತದೆ. ಫೈಲ್ ತಳ್ಳಿದರೆ ‘ತುರ್ತು’ ಇದ್ದದ್ದು ‘ಆಮೇಲೆ’ ಆಗಿಬಿಡಬಹುದು.

ಇನ್ನೊಂದು, ಕೇಳದೆ ಇದ್ದರೂ ಹೇಳುತ್ತೇನೆ. ಸ್ವಂತ ಲಾಗಿನ್‌ನಿಂದ ‘ಆಫೀಸ್’ ವಿಳಾಸದ ಹೆಸರಿನಲ್ಲಿ ಉತ್ತರ ಕಳುಹಿಸಲು ಹೋದಾಗ ಪೋಸ್ಟ್‌ಫಿಕ್ಸ್ ತಡೆಯಬಹುದು. ‘ಸೆಂಡರ್ ಲಾಗಿನ್ ಮ್ಯಾಪ್ಸ್’ (ಯಾವ ವಿಳಾಸದಿಂದ ಯಾವ ಲಾಗಿನ್ ಕಳುಹಿಸಬಹುದೆಂಬ ಪಟ್ಟಿ) ಇಟ್ಟಿದ್ದರೆ ಆ ವಿಳಾಸದ ಎದುರು ಅನುಮತಿ ಇರುವ ಎಲ್ಲ ಲಾಗಿನ್‌ಗಳನ್ನೂ ಅಲ್ಪವಿರಾಮ ಹಾಕಿ ಬರೆಯಿರಿ. ಆ ತಡೆಯನ್ನೇ ತೆಗೆದುಹಾಕುವ ಸಲಹೆ ಕೆಲವರು ಕೊಡುತ್ತಾರೆ, ಕೇಳಬೇಡಿ. ತೆಗೆದರೆ ಯಾರು ಬೇಕಾದರೂ ಮ್ಯಾನೇಜರ ಹೆಸರಿನಲ್ಲಿ ಮೇಲ್ ಕಳುಹಿಸಬಹುದು.

ನೀರ್ಚಾಲು_ಯುನಿಕೋಡ್:

ಫೋಲ್ಡರ್ ಹೆಸರಿನ ವಿಷಯ ಯಾರೂ ಮುಟ್ಟಲಿಲ್ಲ. ಕನ್ನಡ, ಮಲಯಾಳ ಎರಡೂ ಆಗುತ್ತದೆ, ಆದರೆ ಡಿಸ್ಕಿನಲ್ಲಿ ನೋಡಿದರೆ ಗುರುತು ಸಿಗುವುದಿಲ್ಲ. ಹಳೆಯ ಐಮ್ಯಾಪ್‌ನಲ್ಲಿ ಇಂಗ್ಲಿಷೇತರ ಹೆಸರುಗಳು ಹೋಗುವುದು ಮಾರ್ಪಡಿಸಿದ ಯುಟಿಎಫ್-7ರಲ್ಲಿ. ಡವ್‌ಕಾಟ್ 2.3 ಡಿಸ್ಕಿನಲ್ಲೂ ಹಾಗೆಯೇ ಇಡುತ್ತದೆ. ಒಂದು ಆ್ಯಂಪರ್ಸ್ಯಾಂಡ್ ಚಿಹ್ನೆ, ಆಮೇಲೆ ಇಂಗ್ಲಿಷ್ ಅಕ್ಷರಗಳ ಸಾಲು. ಗುರುತಿಸಲು ಒಂದು ಉಪಾಯ ಉಂಟು. ಹೆಸರು ಕನ್ನಡದಲ್ಲಿ ಶುರುವಾಗಲಿ ಮಲಯಾಳದಲ್ಲಿ ಶುರುವಾಗಲಿ, ಚಿಹ್ನೆಯ ನಂತರದ ಮೊದಲ ಅಕ್ಷರ ಡಿ. ಎರಡನೆಯದು ಐಯಿಂದ ಪಿಯ ಒಳಗಿದ್ದರೆ ಕನ್ನಡ, ಕ್ಯೂನಿಂದ ಎಕ್ಸ್‌ನ ಒಳಗಿದ್ದರೆ ಮಲಯಾಳ. ಕನ್ನಡದ ಯುನಿಕೋಡ್ ಜಾಗ ಮುಗಿದಲ್ಲಿಂದಲೇ ಮಲಯಾಳದ್ದು ಶುರುವಾಗುವುದರಿಂದ ಹೀಗೆ. ಬ್ಯಾಕಪ್ಪಿನಿಂದ ಒಂದೇ ಫೋಲ್ಡರ್ ಹುಡುಕಿ ತೆಗೆಯುವಾಗ ಇದು ಕೆಲಸಕ್ಕೆ ಬರುತ್ತದೆ. ಮೊದಲ ಫೋಲ್ಡರುಗಳನ್ನು ಕೈಯಿಂದ ಮಾಡುವಾಗ ಕನ್ನಡ ಹೆಸರನ್ನು ಹಾಗೆಯೇ ಡೈರೆಕ್ಟರಿ ಮಾಡುವ ‘ಎಂಕೆಡಿರ್’ ಆಜ್ಞೆಗೆ ಕೊಡಬೇಡಿ, ಈ ರೂಪಕ್ಕೆ ತಿರುಗಿಸಿ ಕೊಡಬೇಕು. ಸುಲಭ ದಾರಿ ಎಂದರೆ ಕನ್ನಡ ಹೆಸರಿನ ಫೋಲ್ಡರನ್ನು ನಿಮ್ಮ ಸ್ವಂತ ಖಾತೆಯಲ್ಲಿ ಥಂಡರ್‌ಬರ್ಡ್‌ನಿಂದ ಮಾಡಿ, ಡಿಸ್ಕಿನಲ್ಲಿ ಹುಟ್ಟಿದ ಹೆಸರನ್ನು ನಕಲು ಮಾಡುವುದು. ಸೀವ್ ಸ್ಕ್ರಿಪ್ಟಿನಲ್ಲೂ ‘ಡವ್‌ಅಡ್ಮ್’ ಆಜ್ಞೆಯಲ್ಲೂ ಇದರ ತಲೆಬಿಸಿ ಇಲ್ಲ, ಅಲ್ಲಿ ನೇರ ಕನ್ನಡದಲ್ಲೇ ಬರೆಯಿರಿ.

ಹೆಸರಿನಲ್ಲಿ ಚುಕ್ಕಿ ಹಾಕಲಿಕ್ಕಿಲ್ಲ. ಮೇಲ್‌ಡಿರ್ ಡಿಸ್ಕಿನಲ್ಲಿ ಫೋಲ್ಡರುಗಳ ಮಟ್ಟವನ್ನು ಬೇರೆ ಮಾಡುವುದೇ ಚುಕ್ಕಿಯಿಂದ. ‘ಜಿ.ಎಸ್.ಟಿ.’, ‘ಸಂ. 12’, ‘ಕ್ರ.ಸಂ.’ ಯಾವುದೂ ನಡೆಯುವುದಿಲ್ಲ, ಸರ್ವರ್ ಈ ಅಕ್ಷರ ಆಗುವುದಿಲ್ಲ ಎನ್ನುತ್ತದೆ. ಓರೆಗೆರೆ ಇನ್ನೂ ಮೋಸದ್ದು, ದೋಷ ಹೇಳದೆ ಒಳಗೊಂದು ಫೋಲ್ಡರ್ ಮಾಡುತ್ತದೆ. ‘2024/25’ ಎಂದು ಬರೆದರೆ 2024ರ ಒಳಗೆ 25. ಕಡತ ಸಂಖ್ಯೆಗೆ ಓರೆಗೆರೆ ಹಾಕುವ ಅಭ್ಯಾಸ ಎಲ್ಲ ಆಫೀಸಿನಲ್ಲೂ ಉಂಟು. ‘2024-25’ ಎಂದು ಅಡ್ಡಗೆರೆ ಹಾಕಲು ಮೊದಲೇ ಹೇಳಿಬಿಡಿ.

ಉದ್ದಕ್ಕೂ ಮಿತಿ ಉಂಟು. ಈ ವಿನ್ಯಾಸದಲ್ಲಿ ‘ಖರೀದಿ’ ಒಳಗೆ ‘ಪೆರ್ಲ’, ಅದರೊಳಗೆ ‘2024-25’ ಎಂದರೆ ಡಿಸ್ಕಿನಲ್ಲಿ ಮೂರು ಡೈರೆಕ್ಟರಿ ಅಲ್ಲ, ಮೂರೂ ಹೆಸರು ಚುಕ್ಕಿಯಿಂದ ಸೇರಿದ ಒಂದೇ ಡೈರೆಕ್ಟರಿ. ಲಿನಕ್ಸಿನ ಇಎಕ್ಸ್‌ಟಿ4 ಎಂಬ ಫೈಲ್ ವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟ್. ಮಾರ್ಪಡಿಸಿದ ಯುಟಿಎಫ್-7ರಲ್ಲಿ ಒಂದು ಯುನಿಕೋಡ್ ಚಿಹ್ನೆಗೆ ಸುಮಾರು 2.67 ಬೈಟ್ ಬೇಕು. ಅಂದರೆ ಎಲ್ಲ ಮಟ್ಟ ಸೇರಿ 90 ಚಿಹ್ನೆಯ ಆಸುಪಾಸು. ‘ಸ್ತ್ರೀ’ ಎಂದು ಒಂದೇ ಅಕ್ಷರದಂತೆ ಕಾಣುವುದರಲ್ಲೇ ಆರು ಚಿಹ್ನೆ ಉಂಟು, ಆದ್ದರಿಂದ ಲೆಕ್ಕ ಬೇಗ ಮುಗಿಯುತ್ತದೆ. ಮಟ್ಟ ಜಾಸ್ತಿ ಬೇಕೆಂದಾದರೆ ಲೊಕೇಶನ್ ಸಾಲಿನಲ್ಲಿ ಲೇಔಟ್ ‘ಎಫ್‌ಎಸ್’ ಎಂದು ಶುರುವಿನಲ್ಲೇ ಕೊಡಿ, ಆಗ ಪ್ರತಿ ಮಟ್ಟಕ್ಕೂ ಬೇರೆ ಡೈರೆಕ್ಟರಿ. ಮೇಲ್ ತುಂಬಿದ ಮೇಲೆ ಇದನ್ನು ಸುಮ್ಮನೆ ಬದಲಿಸಲಿಕ್ಕೆ ಆಗುವುದಿಲ್ಲ.

ಒಂದೇ ಹೆಸರಿನ ಎರಡು ಫೋಲ್ಡರ್ ಕಂಡರೆ ಕೀಬೋರ್ಡ್ ನೋಡಿ. ‘ರಿಜಿಸ್ಟರ್‌ಗಳು’ ಎಂಬಲ್ಲಿ ಅರ್ಧಾಕ್ಷರ ನಿಲ್ಲಿಸಲು ಒಂದು ಅದೃಶ್ಯ ಚಿಹ್ನೆ ಬೇಕು. ಹೆಸರಿನ ಕೊನೆಯಲ್ಲಿ ‘ರಿಜಿಸ್ಟರ್’ ಎಂದಾಗ ಆ ಚಿಹ್ನೆ ಇದ್ದರೂ ಇಲ್ಲದಿದ್ದರೂ ಕಣ್ಣಿಗೆ ಒಂದೇ, ಸರ್ವರಿಗೆ ಎರಡು. ಸೀವ್ ಒಂದಕ್ಕೆ ಹಾಕುತ್ತದೆ, ಜನ ಇನ್ನೊಂದನ್ನು ತೆರೆದು ಕೂರುತ್ತಾರೆ. ಹೆಸರನ್ನು ಸ್ಕ್ರಿಪ್ಟಿನಲ್ಲಿ ಪುನಃ ಟೈಪ್ ಮಾಡದೆ ನಕಲು ಮಾಡಿ ಅಂಟಿಸಿ. ಸಾಧ್ಯವಾದರೆ ವ್ಯಂಜನದಲ್ಲಿ ಮುಗಿಯದ ಹೆಸರನ್ನೇ ಆರಿಸಿ: ಟಪಾಲು, ಖರೀದಿ, ಲೆಕ್ಕ.

‘ಪಬ್ಲಿಕ್’ ಎಂಬ ಪ್ರಿಫಿಕ್ಸನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಬಿಡುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಅದು ಕಾನ್ಫಿಗ್, ಸ್ಕ್ರಿಪ್ಟ್, ಆಜ್ಞೆ ಎಲ್ಲ ಕಡೆ ಬರುತ್ತದೆ.

ಬದಿಯಡ್ಕ_ಸಿಸ್ಟಂ:

ಪಿ ಕೊಟ್ಟ ಕೂಡಲೇ ಸೀವ್ ಸರಿಯಾಯಿತು, ಲಿಸ್ಟ್ ಫೈಲ್ ಅಳಿಸಿದ ಮೇಲೆ ಖರೀದಿಯೂ ಬಂತು. ಖರೀದಿಯ ಒಳಗೆ ಶಾಖೆವಾರು ಫೋಲ್ಡರ್ ಮಾಡಿದ್ದಾರೆ. ಈಗ ‘ಆಡಿಟ್’ ಎಂಬ ಹೊಸ ಗುಂಪಿಗೆ ಖರೀದಿಯಲ್ಲಿ ಓದುವ ಹಕ್ಕು ಕೊಟ್ಟರೆ ಮೇಲಿನ ಫೋಲ್ಡರ್ ಮಾತ್ರ ತೆರೆಯುತ್ತದೆ, ಒಳಗಿನವು ಕಾಣುವುದಿಲ್ಲ. ಮುಂದೆ ಡೆಬಿಯನ್ 13ಕ್ಕೆ ಹೋಗುವ ಯೋಚನೆಯೂ ಉಂಟು, ಏನಾದರೂ ಮುರಿಯುತ್ತದೋ?

ಮಂಜೇಶ್ವರ_ಲಾಗ್:

ಹೊಸ ಫೋಲ್ಡರ್ ಹುಟ್ಟುವಾಗ ಮೇಲಿನದರ ಹಕ್ಕನ್ನು ಒಂದು ಸಲ ನಕಲು ಮಾಡಿಕೊಳ್ಳುತ್ತದೆ, ಅಷ್ಟೇ. ಆಮೇಲೆ ಎರಡಕ್ಕೂ ಸಂಬಂಧ ಇಲ್ಲ. ಮೇಲಿನದರಲ್ಲಿ ಸೇರಿಸಿದ್ದು ಕೆಳಗೆ ಇಳಿಯುವುದಿಲ್ಲ, ಮೇಲೆ ತೆಗೆದದ್ದು ಕೆಳಗೆ ಹೋಗುವುದೂ ಇಲ್ಲ. ಎರಡನೆಯದು ಹೆಚ್ಚು ಅಪಾಯ: ಕೆಲಸ ಬಿಟ್ಟವರ ಹೆಸರನ್ನು ಖರೀದಿಯಿಂದ ತೆಗೆದಿರಿ, ಒಳಗಿನ ಹನ್ನೆರಡು ಫೋಲ್ಡರಿನಲ್ಲಿ ಅದು ಹಾಗೆಯೇ ಉಂಟು. ಗುಂಪಿಗೆ ಹಕ್ಕು ಕೊಡಿ ಎಂದು ಕುಂಬಳೆಯವರು ಹೇಳಿದ್ದಕ್ಕೆ ದೊಡ್ಡ ಕಾರಣ ಇದು.

ಮಾಡಬೇಕಾದದ್ದು: ‘ಡವ್‌ಅಡ್ಮ್ ಮೇಲ್‌ಬಾಕ್ಸ್ ಲಿಸ್ಟ್’ನಿಂದ ಪಬ್ಲಿಕ್/ಖರೀದಿಯ ಒಳಗಿನ ಎಲ್ಲ ಹೆಸರು ತೆಗೆದು, ಪ್ರತಿಯೊಂದಕ್ಕೂ ‘ಎಸಿಎಲ್ ಸೆಟ್’ ಓಡಿಸುವ ನಾಲ್ಕು ಸಾಲಿನ ಶೆಲ್ ಲೂಪ್. ಪಟ್ಟಿಯನ್ನು ಎಲ್ಲವೂ ಕಾಣುವ ಲಾಗಿನ್ ಹೆಸರಿನಲ್ಲೇ ತೆಗೆಯಿರಿ, ಇಲ್ಲದಿದ್ದರೆ ಅವರಿಗೆ ಕಾಣದ ಫೋಲ್ಡರ್ ಲೂಪಿನಿಂದಲೂ ತಪ್ಪಿಹೋಗುತ್ತದೆ. ಹೆಸರಿನಲ್ಲಿ ಖಾಲಿ ಜಾಗ ಇರಬಹುದಾದ್ದರಿಂದ ಸಾಲು ಸಾಲಾಗಿ ಓದಿ, ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಡಿ. ಆಡಿಟ್ ಗುಂಪಿಗೆ ಎಲ್, ಆರ್, ಎಸ್ ಮೂರೂ ಕೊಡಿ. ಎಸ್ ಬಿಟ್ಟರೆ ಓದಿದ ಮೇಲೂ ಎಲ್ಲ ಮೇಲ್ ದಪ್ಪ ಅಕ್ಷರದಲ್ಲೇ ಉಳಿದು ಅವರಿಗೆ ಎಲ್ಲಿಯವರೆಗೆ ಓದಿದ್ದೆಂದು ಗೊತ್ತಾಗುವುದಿಲ್ಲ.

ಡೆಬಿಯನ್ 13ರಲ್ಲಿ ಬರುವುದು ಡವ್‌ಕಾಟ್ 2.4. ಅದು 2025ರ ಜನವರಿಯಲ್ಲಿ ಬಂದದ್ದು, ಕಾನ್ಫಿಗ್ ಬರೆಯುವ ರೀತಿಯನ್ನೇ ಬದಲಿಸಿದೆ. 2.3ರ ಫೈಲ್ ಹಾಗೆಯೇ ಇಟ್ಟರೆ ಸರ್ವರ್ ಏಳುವುದೇ ಇಲ್ಲ. ಮೊದಲ ಸಾಲಿನಲ್ಲಿ ಕಾನ್ಫಿಗ್ ಆವೃತ್ತಿ ಬರೆಯಬೇಕು, ಲೊಕೇಶನ್ ಸಾಲು ಒಡೆದು ಹಲವು ಆಯ್ಕೆಗಳಾಗಿವೆ, ಶೇಕಡಾ ಚಿಹ್ನೆಯ ಒಂದಕ್ಷರದ ಗುರುತುಗಳ ಬದಲು ಪೂರ್ತಿ ಹೆಸರು ಬಂದಿದೆ. ಡಿಸ್ಕಿನ ಮೇಲ್ ಮತ್ತು ಹಕ್ಕಿನ ಫೈಲುಗಳಿಗೆ ಇದರಿಂದ ಏನೂ ಆಗುವುದಿಲ್ಲ. ಬೇರೆ ಒಂದು ಯಂತ್ರದಲ್ಲಿ ಹೊಸ ಕಾನ್ಫಿಗ್ ಬರೆದು, ಪಬ್ಲಿಕ್ ಡೈರೆಕ್ಟರಿಯನ್ನು ‘ಆರ್‌ಸಿಂಕ್’ನಿಂದ ತಂದು ನೋಡಿ. ತರುವಾಗ ‘ಡವ್‌ಕಾಟ್-ಯುಐಡಿಲಿಸ್ಟ್’ (ಪ್ರತಿ ಮೇಲ್‌ಗೆ ಕೊಟ್ಟ ಸಂಖ್ಯೆಯ ಪಟ್ಟಿ) ಫೈಲುಗಳು ತಪ್ಪಬಾರದು. ಅವಿಲ್ಲದಿದ್ದರೆ ಹದಿನೆಂಟು ಕಂಪ್ಯೂಟರೂ ಎಲ್ಲ ಮೇಲನ್ನು ಮೊದಲಿನಿಂದ ಇಳಿಸಿಕೊಳ್ಳಲು ಶುರು ಮಾಡುತ್ತವೆ, ಶಾಖೆಯ ಇಂಟರ್‌ನೆಟ್ ಆ ದಿನ ಬೇರೆ ಯಾವುದಕ್ಕೂ ಸಿಗುವುದಿಲ್ಲ.

ಬದಲಿಸುವ ಮುಂಚೆ ಗುಂಪಿಗೆ ಒಬ್ಬರಂತೆ ಆರಿಸಿ ‘ಡವ್‌ಅಡ್ಮ್ ಎಸಿಎಲ್ ಡೀಬಗ್’ ಓಡಿಸಿ. ಲೆಕ್ಕದವರು, ಖರೀದಿಯವರು, ಆಡಿಟ್, ಮತ್ತು ಯಾವ ಗುಂಪಿಗೂ ಸೇರದ ಒಬ್ಬರು. ಯಾರಿಗೆ ಯಾವ ಹಕ್ಕು ಉಂಟು, ಫೋಲ್ಡರ್ ಪಟ್ಟಿಯಲ್ಲಿ ಕಾಣುತ್ತದೋ ಇಲ್ಲವೋ ಎಂದು ಅದು ಬಿಡಿಸಿ ಹೇಳುತ್ತದೆ. ಆ ಕೊನೆಯವರಿಗೆ ಜಿಎಸ್‌ಟಿ ಕಂಡರೆ 20-ಐಮ್ಯಾಪ್ ಫೈಲಿನ ಪ್ಲಗಿನ್ ಸಾಲನ್ನು ಪುನಃ ನೋಡಿ.